ಹಾಳೆ ತಟ್ಟೆ ಅಚ್ಚಿನ ಪ್ಲೇಟು, ಡಿಎಕ್ಸ್‌ಎಫ್‌ನಿಂದ ಎಸ್‌ಟಿಎಲ್‌ಗೆ: ಒಂದು ವಿದ್ಯಾರ್ಥಿ ಪ್ರಾಜೆಕ್ಟಿನ ಕೆಲಸದ ದಾಖಲೆ

ಮುಕ್ತ ತಂತ್ರಾಂಶದ ಕ್ಯಾಡ್‌ಗೆ (ಕಂಪ್ಯೂಟರಿನಲ್ಲಿ ವಿನ್ಯಾಸ ಬಿಡಿಸುವ ತಂತ್ರಾಂಶಕ್ಕೆ) ಫೈಲ್ ಪರಿವರ್ತಕ ಬರೆಯುತ್ತೇವೆ ಎಂದು ಹೊರಡುವ ವಿದ್ಯಾರ್ಥಿ ತಂಡಗಳು ಸಾಮಾನ್ಯವಾಗಿ ಮೊದಲ ಪುಟದಲ್ಲೇ ಸೋಲುತ್ತವೆ. ಡಿಎಕ್ಸ್‌ಎಫ್, ಸ್ಟೆಪ್, ಐಜಿಇಎಸ್, ಎಸ್‌ಟಿಎಲ್, ಒಬಿಜೆ ಎಂಬ ಫೈಲ್ ಬಗೆಗಳೆಲ್ಲವನ್ನೂ ಎಲ್ಲದಕ್ಕೂ ಬದಲಾಯಿಸುವುದಾಗಿ ಬರೆದಿರುತ್ತಾರೆ. ಇಲ್ಲಿ ದಾಖಲಿಸುವ ಪ್ರಾಜೆಕ್ಟಿಗೆ ಒಂದೇ ದಿಕ್ಕು, ಒಂದೇ ವಸ್ತು. ಎರಡು ಆಯಾಮದ ಡಿಎಕ್ಸ್‌ಎಫ್ ಡ್ರಾಯಿಂಗ್ ಓದಿ, ಅದಕ್ಕೆ ದಪ್ಪ ಕೊಟ್ಟು, ಮುಚ್ಚಿದ ಘನವಾಗಿ, ಅದರ ಮೈಯನ್ನು ತ್ರಿಕೋನಗಳಲ್ಲಿ ಹೇಳುವ ಎಸ್‌ಟಿಎಲ್ ಬರೆಯುವುದು. ಸಮಯ ಉಳಿದರೆ ಲೇಯರ್‌ಗಳ (ಡ್ರಾಯಿಂಗಿನ ಪದರಗಳ) ಹೆಸರುಗಳನ್ನು ಕಳೆಯದೆ ಸ್ಟೆಪ್‌ಗೆ ಸಾಗಿಸುವುದು.

ಪರೀಕ್ಷೆಯ ವಸ್ತು ಕಾಸರಗೋಡಿನವರಿಗೆ ಕೈಗೆಟಕುವಂಥದ್ದೇ ಇರಲಿ. ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆ ಅಡಿಕೆ ತೋಟ ಇದ್ದಲ್ಲೆಲ್ಲ ಹಾಳೆ ಬೀಳುತ್ತದೆ. ಹಾಳೆ ತಟ್ಟೆ ಒತ್ತುವ ಯಂತ್ರದಲ್ಲಿ ಅಚ್ಚು ಕೂರಿಸಲು ಒಂದು ಅಡಿಪ್ಲೇಟು ಬೇಕು. ನಮ್ಮ ಮಾದರಿ ಪ್ಲೇಟಿನ ಅಳತೆ ಇದು: 300 × 300 ಮಿ.ಮೀ., ನಾಲ್ಕು ಮೂಲೆಗೂ 25 ಮಿ.ಮೀ. ತ್ರಿಜ್ಯದ ಸುತ್ತು, ನಡುವೆ 200 ಮಿ.ಮೀ. ವ್ಯಾಸದ ಕಂಡಿ, ಮೂಲೆಯ ಸುತ್ತಿನ ಕೇಂದ್ರದಲ್ಲೇ ಒಂದೊಂದರಂತೆ 12 ಮಿ.ಮೀ. ವ್ಯಾಸದ ನಾಲ್ಕು ಬೋಲ್ಟ್ ತೂತು, ದಪ್ಪ 10 ಮಿ.ಮೀ. ಇದನ್ನೇ ಆರಿಸಲು ಕಾರಣ, ಇದರ ಉತ್ತರವನ್ನು ಕಾಗದದ ಮೇಲೆ ಲೆಕ್ಕ ಹಾಕಬಹುದು.

ಹೊರ ಆಕೃತಿ: 90000 − (4 − π) × 625 = 89463.5 ಚದರ ಮಿ.ಮೀ. ನಾಲ್ಕು ತೂತು ಸೇರಿ 452.4, ನಡುವಿನ ಕಂಡಿ 31415.9. ಉಳಿಯುವುದು 57595.2. ದಪ್ಪದಿಂದ ಗುಣಿಸಿದರೆ ಗಾತ್ರ 575952 ಘನ ಮಿ.ಮೀ. ಉಕ್ಕಿನ ಸಾಂದ್ರತೆ 7.85 ಎಂದು ಹಿಡಿದರೆ ತೂಕ 4.52 ಕೆ.ಜಿ. ಈ ಎರಡು ಅಂಕಿಗಳನ್ನು ಕೋಡ್ ಬರೆಯುವ ಮೊದಲೇ ಪರೀಕ್ಷಾ ಫೈಲಿನ ಪಕ್ಕದಲ್ಲಿ ಬರೆದಿಡಿ. ಉತ್ತರ ಗೊತ್ತಿಲ್ಲದ ಡ್ರಾಯಿಂಗ್‌ನಿಂದ ಪರೀಕ್ಷೆ ಶುರುಮಾಡಿದರೆ ಪರದೆಯ ಮೇಲೆ ಚೆನ್ನಾಗಿ ಕಂಡದ್ದೆಲ್ಲ ಸರಿ ಎಂದು ಒಪ್ಪಿಕೊಳ್ಳಬೇಕಾಗುತ್ತದೆ.

ಗಂಟೆಗಳ ಹಂಚಿಕೆ

ಹೊಸಬರು ಮುಕ್ತ ತಂತ್ರಾಂಶಕ್ಕೆ ಕೋಡ್ ಬರೆಯುವ ಗೂಗಲ್ ಸಮ್ಮರ್ ಆಫ್ ಕೋಡ್ ಕಾರ್ಯಕ್ರಮದಲ್ಲಿ ಮಧ್ಯಮ ಗಾತ್ರದ ಪ್ರಾಜೆಕ್ಟ್ ಎಂದರೆ ಸುಮಾರು 175 ಗಂಟೆ. ಅದೇ ಅಳತೆಗೋಲು ಇಲ್ಲಿಯೂ ಸಾಕು: ಪರೀಕ್ಷಾ ಫೈಲ್‌ಗಳಿಗೆ 20, ಡಿಎಕ್ಸ್‌ಎಫ್ ಓದುವುದಕ್ಕೆ 35, ಗೆರೆಗಳನ್ನು ಕೂಡಿಸಿ ಮುಚ್ಚಿದ ಸುತ್ತು ಮಾಡುವುದಕ್ಕೆ 45, ತ್ರಿಕೋನ ಮಾಡಿ ಬರೆಯುವುದಕ್ಕೆ 25, ಹೆಸರು ಮತ್ತು ಲಿಪಿಗೆ 30, ದಾಖಲೆ ಹಾಗೂ ಸಲ್ಲಿಕೆಗೆ 20. ಗೆರೆ ಕೂಡಿಸುವ ಕೆಲಸಕ್ಕೆ 45 ಗಂಟೆ ಜಾಸ್ತಿ ಅನ್ನಿಸಬಹುದು, ಆದರೆ ಅದರಲ್ಲಿ ಕಡಿತ ಮಾಡಬೇಡಿ. ಸಮಯ ತಿನ್ನುವುದು ಅದೇ.

ಯಾವ ತಂತ್ರಾಂಶಕ್ಕೆ ಎಂಬುದನ್ನೂ ಈಗಲೇ ನಿರ್ಧರಿಸಬೇಕು. ಫ್ರೀಕ್ಯಾಡ್‌ಗಾದರೆ ಪೈಥಾನ್ ಸಾಕು. ಬಿಆರ್‌ಎಲ್-ಕ್ಯಾಡ್‌ಗಾದರೆ ಸಿ ಮತ್ತು ಸಿ++ ಬೇಕು. 1979ರಲ್ಲಿ ಮೈಕ್ ಮೂಸ್ ಅಮೆರಿಕದ ಸೇನೆಯ ಪ್ರಯೋಗಾಲಯದಲ್ಲಿ ಶುರುಮಾಡಿ, 2004ರಲ್ಲಿ ಮುಕ್ತವಾದ ಆ ತಂತ್ರಾಂಶದಲ್ಲಿ ಪರಿವರ್ತಕಗಳದ್ದೇ ದೊಡ್ಡ ಗುಂಪಿದೆ, ಒಳಗಿನ ಅಳತೆ ಯಾವಾಗಲೂ ಮಿ.ಮೀ. ಎರಡರಲ್ಲೂ ಡಿಎಕ್ಸ್‌ಎಫ್ ಓದುವ ಭಾಗ ಈಗಾಗಲೇ ಇದೆ. ಹಾಗಾಗಿ ಮೊದಲ ವಾರ ನಿಮ್ಮ ಪ್ಲೇಟಿನ ಫೈಲನ್ನು ಅಲ್ಲಿ ಹಾಕಿ, ಏನು ಕಳೆದುಹೋಗುತ್ತದೆ ಎಂದು ಪಟ್ಟಿ ಮಾಡಿ. ಇರುವ ಪರಿವರ್ತಕದ ತಪ್ಪು ಹಿಡಿಯುವ ಹತ್ತು ಒಳ್ಳೆಯ ಪರೀಕ್ಷಾ ಫೈಲ್‌ಗಳಿಗೆ ಹೊಸದಾಗಿ ಬರೆದ ಅರೆಬರೆ ಪರಿವರ್ತಕಕ್ಕಿಂತ ಹೆಚ್ಚು ಬೆಲೆ ಇದೆ.

ಪರವಾನಗಿಯ ವಿಷಯವನ್ನೂ ಮೊದಲೇ ನೋಡಿ. ಎರಡು ಆಯಾಮದ ಡ್ರಾಯಿಂಗಿನ ಲಿಬ್ರೆಕ್ಯಾಡ್ ಇರುವುದು ಜಿಪಿಎಲ್ ಎಂಬ ಪರವಾನಗಿಯ 2ನೇ ಆವೃತ್ತಿಯಲ್ಲಿ, ಡಿಡಬ್ಲ್ಯೂಜಿ (ಆಟೋಕ್ಯಾಡ್ ಫೈಲ್) ಓದುವ ಲಿಬ್ರೆಡಿಡಬ್ಲ್ಯೂಜಿ ಜಿಪಿಎಲ್ 3ರಲ್ಲಿ. ಎರಡೂ ಮುಕ್ತ, ಆದರೂ ಒಂದರೊಳಗೆ ಇನ್ನೊಂದನ್ನು ಸೇರಿಸಲಾಗದು. ಡಿಎಕ್ಸ್‌ಎಫ್ ಓದಲು ಎಂಐಟಿ ಪರವಾನಗಿಯ ಇಝಡ್‌ಡಿಎಕ್ಸ್‌ಎಫ್ ಎಂಬ ಪೈಥಾನ್ ಲೈಬ್ರರಿಯಾದರೆ ಆ ತೊಡಕಿಲ್ಲ.

ಡಿಎಕ್ಸ್‌ಎಫ್ ಓದುವುದು

ಫೈಲ್ ಎರಡೆರಡು ಸಾಲುಗಳ ಜೋಡಿ: ಮೇಲಿನ ಸಾಲು ಗ್ರೂಪ್ ಕೋಡ್, ಕೆಳಗಿನದು ಬೆಲೆ. 0 ಬಂದರೆ ಹೊಸ ವಸ್ತು, 8 ಬಂದರೆ ಲೇಯರ್ ಹೆಸರು, 10 ಮತ್ತು 20 ಅಡ್ಡ ಹಾಗೂ ಲಂಬ ಸ್ಥಾನ, 40 ತ್ರಿಜ್ಯ, 50 ಮತ್ತು 51 ಆರ್ಕಿನ (ವೃತ್ತದ ತುಂಡಿನ) ಶುರು ಹಾಗೂ ಕೊನೆಯ ಕೋನ. ಒಂದೇ ಕೋಡ್‌ಗೆ ಎಲ್ಲ ಕಡೆ ಒಂದೇ ಅರ್ಥ ಎಂದುಕೊಂಡರೆ ಕೆಟ್ಟಿತು. ಪಾಲಿಲೈನಿನಲ್ಲಿ (ಬಿಂದುಗಳನ್ನು ಸಾಲಾಗಿ ಜೋಡಿಸಿದ ಗೆರೆಯಲ್ಲಿ) 42 ಎಂದರೆ ಬಲ್ಜ್, ಅಂದರೆ ಎರಡು ಬಿಂದುಗಳ ನಡುವಿನ ತುಂಡು ಎಷ್ಟು ಬಾಗಿದೆ ಎಂಬ ಅಂಕಿ. ಬ್ಲಾಕ್ (ಒಮ್ಮೆ ಬಿಡಿಸಿಟ್ಟ ಆಕೃತಿ) ಸೇರಿಸುವ ಇನ್ಸರ್ಟ್‌ನಲ್ಲಿ ಅದೇ 42 ಎಂದರೆ ಲಂಬ ದಿಕ್ಕಿನ ಹಿಗ್ಗುವಿಕೆ. ಇನ್ಸರ್ಟ್‌ನ 50 ತಿರುಗಿಸುವ ಕೋನ.

ನಮ್ಮ ಪ್ಲೇಟಿನ ಹೊರಗೆರೆಯಲ್ಲಿ 8 ಬಿಂದುಗಳಿವೆ, ನಾಲ್ಕಕ್ಕೆ ಬಲ್ಜ್ 0.41421356. ಬಲ್ಜ್ = ಟ್ಯಾನ್(ಕೋನ ÷ 4) ಆದ್ದರಿಂದ 90 ಡಿಗ್ರಿಯ ಸುತ್ತಿಗೆ ಇದೇ ಬೆಲೆ; 1 ಎಂದರೆ ಅರ್ಧ ವೃತ್ತ; ಋಣ ಚಿಹ್ನೆ ಇದ್ದರೆ ಪ್ರದಕ್ಷಿಣ ದಿಕ್ಕು. ತ್ರಿಜ್ಯ ಬೇಕಾದರೆ ಎರಡು ಬಿಂದುಗಳ ನಡುವಿನ ಅಂತರವನ್ನು (1 + ಬಲ್ಜ್²) ÷ (4 × ಬಲ್ಜ್) ಇಂದ ಗುಣಿಸಿ. ಇಲ್ಲಿ ಅಂತರ 35.355, ಉತ್ತರ 25 ಬರಬೇಕು. ಇದೊಂದನ್ನು ಮರೆತರೆ ಮೂಲೆ ಸುತ್ತಾಗುವ ಬದಲು ಓರೆಯಾಗಿ ಕತ್ತರಿಸಿದಂತೆ ಕಾಣುತ್ತದೆ. ಪರದೆಯಲ್ಲಿ ದೂರದಿಂದ ಅದು ಗೊತ್ತೂ ಆಗುವುದಿಲ್ಲ.

ಬಿಡಿ ಗೆರೆ, ಬಿಡಿ ಆರ್ಕುಗಳಲ್ಲಿ ಬರೆದ ಡ್ರಾಯಿಂಗ್‌ನಲ್ಲಿ ಕೆಳಬಲ ಮೂಲೆಯ ಆರ್ಕ್ 270ರಿಂದ 0ಗೆ ಹೋಗುತ್ತದೆ. ಕೊನೆಯಿಂದ ಶುರುವನ್ನು ಕಳೆದರೆ −270. ಅದನ್ನು ಹಾಗೇ ಬಳಸಿದರೆ ಮೂಲೆಯಲ್ಲಿ ಒಳಮುಖವಾದ ಮುಕ್ಕಾಲು ವೃತ್ತ ಮೂಡುತ್ತದೆ. ಡಿಎಕ್ಸ್‌ಎಫ್‌ನ ಆರ್ಕ್ ಯಾವಾಗಲೂ ಅಪ್ರದಕ್ಷಿಣವಾದ್ದರಿಂದ ವ್ಯತ್ಯಾಸ ಋಣವಾದರೆ 360 ಕೂಡಿಸಬೇಕು, 90 ಸಿಗುತ್ತದೆ.

ಇನ್ನು ಬ್ಲಾಕ್‌ಗಳು. ಬೋಲ್ಟ್ ತೂತನ್ನು ಒಮ್ಮೆ ಬಿಡಿಸಿ ಬ್ಲಾಕ್ ಮಾಡಿ ನಾಲ್ಕು ಕಡೆ ಇಡುವುದು ಡ್ರಾಫ್ಟಿಂಗ್ ಕಲಿತವರ ರೂಢಿ. ಮುಖ್ಯ ಭಾಗದ ಗೆರೆಗಳನ್ನು ಮಾತ್ರ ಓದಿ ಇನ್ಸರ್ಟ್ ಬಿಟ್ಟ ಪರಿವರ್ತಕ ಬೋಲ್ಟ್ ತೂತೇ ಇಲ್ಲದ ಪ್ಲೇಟು ಕೊಡುತ್ತದೆ, ಯಾವ ದೋಷವನ್ನೂ ತೋರಿಸದೆ. ಗುರುತಿಸದ ವಸ್ತು ಬಂದಾಗ ಸುಮ್ಮನೆ ದಾಟಿಹೋಗುವುದು ಈ ಕೆಲಸದಲ್ಲಿ ಅತಿ ದೊಡ್ಡ ತಪ್ಪು. ಕೊನೆಯಲ್ಲಿ ಒಂದು ಎಣಿಕೆ ಮುದ್ರಿಸಲೇಬೇಕು: ಇಷ್ಟು ಗೆರೆ ಓದಿದೆ, ಇಷ್ಟು ವೃತ್ತ ಓದಿದೆ, 3 ಸ್ಪ್ಲೈನ್ (ಬಾಗುಗೆರೆ) ಬಿಟ್ಟಿದ್ದೇನೆ, 14 ಅಳತೆ ಗುರುತು ಬಿಟ್ಟಿದ್ದೇನೆ ಎಂದು.

ಕನ್ನಡಿ ಮಾಡಿದ ಡ್ರಾಯಿಂಗ್‌ನಲ್ಲಿ ಕೆಲವೊಮ್ಮೆ ಗ್ರೂಪ್ ಕೋಡ್ 230ರ ಬೆಲೆ −1 ಇರುತ್ತದೆ. ಆಗ ವೃತ್ತ, ಆರ್ಕ್, ಹಗುರ ಪಾಲಿಲೈನುಗಳ ಅಡ್ಡ ಸ್ಥಾನದ ಚಿಹ್ನೆ ತಿರುಗಿಸಬೇಕು. ಸರಳ ಗೆರೆಯದ್ದನ್ನು ತಿರುಗಿಸಬಾರದು. ಗೆರೆ ನೇರ ಲೋಕದ ನಿರ್ದೇಶಾಂಕದಲ್ಲಿರುತ್ತದೆ, ವೃತ್ತ ತನ್ನದೇ ನಿರ್ದೇಶಾಂಕದಲ್ಲಿ. ಹೊರಗೆರೆ ಒಂದು ಕಡೆ, ತೂತುಗಳೆಲ್ಲ ಇನ್ನೊಂದು ಕಡೆ ಹೋಗಿ ನಿಂತಿವೆ ಎಂದಾದರೆ ಬೇರೆಲ್ಲೂ ಹುಡುಕಬೇಡಿ.

ಅಳತೆಯ ಪ್ರಶ್ನೆ

ಡಿಎಕ್ಸ್‌ಎಫ್‌ನ ತಲೆಭಾಗದಲ್ಲಿ ಇನ್ಸ್‌ಯುನಿಟ್ಸ್ ಎಂಬ ಬೆಲೆ ಇರುತ್ತದೆ: 1 ಅಂಗುಲ, 4 ಮಿ.ಮೀ., 5 ಸೆಂ.ಮೀ., 6 ಮೀಟರ್, 0 ಎಂದರೆ ಹೇಳಿಲ್ಲ. ಹಳೆಯ ಫೈಲ್‌ಗಳಲ್ಲಿ ಅದು ಇರುವುದೇ ಇಲ್ಲ. ಇದ್ದರೂ ಪೂರ್ತಿ ನಂಬಬಾರದು. ಅಂಗುಲದ ಟೆಂಪ್ಲೇಟ್ ತೆರೆದು ಮಿ.ಮೀ. ಲೆಕ್ಕದಲ್ಲಿ ಬಿಡಿಸಿದ ಡ್ರಾಯಿಂಗ್ ಬಹಳ ಸಾಮಾನ್ಯ. ಆಗ ನಮ್ಮ ಪ್ಲೇಟು 7.62 ಮೀಟರ್ ಅಗಲವಾಗುತ್ತದೆ. ದಪ್ಪವನ್ನೂ ಅದೇ ಅಳತೆಯಲ್ಲಿ ಹಿಡಿದರೆ ಗಾತ್ರ 16387 ಪಟ್ಟು, ತೂಕ ಸುಮಾರು 74 ಟನ್. ಅದಕ್ಕೇ ಪರಿವರ್ತಕ ಪ್ರತಿ ಸಲವೂ ಉದ್ದ, ಅಗಲ ಮತ್ತು ಉಕ್ಕಿನ ತೂಕವನ್ನು ತೋರಿಸಲಿ. ಮಿಲಿಮೀಟರಿನ ತಪ್ಪು ಓದುವವನ ಕಣ್ಣಿಗೆ ಬೀಳದಿದ್ದರೂ 74 ಟನ್ ಬೀಳುತ್ತದೆ. ಬೆಲೆ 0 ಇದ್ದರೆ ಊಹಿಸಬೇಡಿ. ಬಳಸುವವರು ಹೇಳುವ ತನಕ ಕೆಲಸ ನಿಲ್ಲಿಸಿ. ಎಸ್‌ಟಿಎಲ್‌ನಲ್ಲಿ ಅಳತೆ ಬರೆಯಲು ಜಾಗವೇ ಇಲ್ಲ, ಇಲ್ಲಿ ತಪ್ಪಿದರೆ ಮುಂದೆ ತಿದ್ದುವವರು ಯಾರೂ ಇಲ್ಲ.

ಇನ್ನೊಂದು ಬಲೆ ಭೂಮಾಪನದ ಡ್ರಾಯಿಂಗ್‌ನಿಂದ ಬರುತ್ತದೆ. ಶೆಡ್ಡಿನ ಜಾಗದ ನಕ್ಷೆಯೊಳಗೇ ಯಂತ್ರದ ಪ್ಲೇಟನ್ನೂ ಬಿಡಿಸಿದ್ದರೆ ಬಿಂದುಗಳು ಯುಟಿಎಂ ನಿರ್ದೇಶಾಂಕದಲ್ಲಿ, ಅಂದರೆ ಭೂಮಿಯನ್ನು ವಲಯಗಳಾಗಿ ಹಂಚಿ ಮೀಟರಿನಲ್ಲಿ ಹೇಳುವ ಸ್ಥಾನದಲ್ಲಿ, ಇರುತ್ತವೆ. ಕಾಸರಗೋಡು 43ನೇ ವಲಯದ ನಡುಗೆರೆಯಾದ 75 ಡಿಗ್ರಿ ರೇಖಾಂಶಕ್ಕೆ ತಾಗಿಕೊಂಡೇ ಇರುವುದರಿಂದ ಪೂರ್ವದ ಅಂಕಿ ಸುಮಾರು 5 ಲಕ್ಷ ಮೀಟರ್, ಉತ್ತರದ್ದು ಸುಮಾರು 13.8 ಲಕ್ಷ ಮೀಟರ್. ಮಿ.ಮೀ. ಮಾಡಿದರೆ 138 ಕೋಟಿ. ಬೈನರಿ ಎಸ್‌ಟಿಎಲ್ ಪ್ರತಿ ಅಂಕಿಯನ್ನೂ 32 ಬಿಟ್ ಫ್ಲೋಟ್‌ನಲ್ಲಿ ಇಡುತ್ತದೆ. ಅಷ್ಟು ದೊಡ್ಡ ಅಂಕಿಯ ಹತ್ತಿರ ಅದಕ್ಕೆ ಬರೆಯಲು ಬರುವ ಎರಡು ಬೆಲೆಗಳ ನಡುವೆ 128 ಮಿ.ಮೀ. ಅಂತರ. ಹನ್ನೆರಡು ಮಿ.ಮೀ. ತೂತು ಅಲ್ಲೇ ಒಂದು ಗೆರೆಗೆ ಕುಸಿಯುತ್ತದೆ. ಬರೆಯುವ ಮೊದಲು ಹೊರಗೆರೆಯ ಕೆಳ ಎಡ ಮೂಲೆಯನ್ನು ಎಲ್ಲ ಬಿಂದುಗಳಿಂದ 64 ಬಿಟ್‌ನಲ್ಲಿ ಕಳೆದು, ಕಳೆದ ಅಂಕಿಯನ್ನು ಪಕ್ಕದ ಒಂದು ಪಠ್ಯ ಫೈಲಿನಲ್ಲಿ ಉಳಿಸಿ.

ಸುತ್ತು ಮುಚ್ಚುವುದು

ಬಿಡಿ ಗೆರೆ ಮತ್ತು ಆರ್ಕುಗಳ ತುದಿಗಳು ಒಂದಕ್ಕೊಂದು ಕರಾರುವಾಕ್ಕಾಗಿ ತಾಗುವುದು ಅಪರೂಪ. ಗೆರೆಯ ತುದಿಯ ಅಂಕಿ ಫೈಲಿನಲ್ಲೇ ಬರೆದಿರುತ್ತದೆ, ಆರ್ಕಿನ ತುದಿಯನ್ನು ಕೋನದಿಂದ ಲೆಕ್ಕ ಹಾಕಬೇಕು. ದಶಮಾಂಶದ ಕೊನೆಯಲ್ಲಿ ವ್ಯತ್ಯಾಸ ಉಳಿದೇ ಉಳಿಯುತ್ತದೆ. ಹಾಗಾಗಿ 0.001 ಮಿ.ಮೀ. ಒಳಗಿದ್ದರೆ ಒಂದೇ ಬಿಂದು ಎಂದು ಒಪ್ಪಬೇಕು.

ಇದಕ್ಕೆ ಎಲ್ಲರೂ ಮೊದಲು ಹಿಡಿಯುವ ದಾರಿ, ಅಂಕಿಯನ್ನು ಮೂರು ದಶಮಾಂಶಕ್ಕೆ ದುಂಡು ಮಾಡಿ ಡಿಕ್ಷನರಿಯ ಕೀಲಿ ಮಾಡುವುದು, ಅಂದರೆ ಡ್ರಾಯಿಂಗನ್ನು ಸಣ್ಣ ಚೌಕಗಳಾಗಿ ಹಂಚಿ ಒಂದೇ ಚೌಕಕ್ಕೆ ಬಿದ್ದವನ್ನು ಒಂದೇ ಬಿಂದು ಎನ್ನುವುದು. ಇದು ಹತ್ತರಲ್ಲಿ ಒಂಬತ್ತು ಸಲ ನಡೆದು ಹತ್ತನೆಯದಕ್ಕೆ ಕೈಕೊಡುತ್ತದೆ: 25.00049 ದುಂಡಾಗಿ 25.000 ಆಗುತ್ತದೆ, 25.00051 ದುಂಡಾಗಿ 25.001 ಆಗುತ್ತದೆ. ನಡುವಿನ ಅಂತರ 0.00002 ಮಾತ್ರ, ಆದರೂ ಎರಡು ಬೇರೆ ಚೌಕಕ್ಕೆ ಬಿದ್ದವು. ಚೌಕದ ಸುತ್ತಲಿನ ಎಂಟು ಚೌಕಗಳನ್ನೂ ನೋಡಿ, ನಿಜವಾದ ದೂರವನ್ನು ಅಳೆದು, ಆಮೇಲೆ ಕೂಡಿಸಬೇಕು. ಕೂಡಿಸಿದ ಮೇಲೆ ಪ್ರತಿ ಬಿಂದುವಿನಲ್ಲೂ ಸರಿಯಾಗಿ ಎರಡು ಗೆರೆ ಇರಬೇಕು. ಒಂದೇ ಇದ್ದರೆ ಬಾಯಿ ತೆರೆದಿದೆ, ಮೂರು ಅಥವಾ ಹೆಚ್ಚಿದ್ದರೆ ಗೆರೆಯ ಮೇಲೆ ಗೆರೆ ಬಿಡಿಸಿದ್ದಾರೆ ಅಥವಾ ತೂತು ಅಂಚಿಗೆ ತಾಗಿದೆ. ಮೂರಕ್ಕೂ ಸ್ಥಾನದ ಅಂಕಿ ಸಮೇತ ಸಂದೇಶ ಬರೆಯಿರಿ. ಅರ್ಧ ಮಿ.ಮೀ. ಬಾಯಿ ತೆರೆದ ಸುತ್ತನ್ನು ತಾನೇ ಮುಚ್ಚುವ ಕೆಲಸಕ್ಕೆ ಪರಿವರ್ತಕ ಕೈಹಾಕಬಾರದು, ಅದು ಡ್ರಾಯಿಂಗ್ ಮಾಡಿದವರ ನಿರ್ಧಾರ.

ವೃತ್ತವನ್ನು ಎಷ್ಟು ತುಂಡು ಮಾಡಬೇಕು? ಎಲ್ಲಕ್ಕೂ 32 ಎಂದು ಬರೆದಿಟ್ಟರೆ ದೊಡ್ಡ ಕಂಡಿ ಒರಟಾಗುತ್ತದೆ, ಸಣ್ಣ ತೂತಿಗೆ ವ್ಯರ್ಥ ತ್ರಿಕೋನ. ಗೆರೆ ವೃತ್ತದಿಂದ ಗರಿಷ್ಠ ಎಷ್ಟು ದೂರ ಸರಿಯಬಹುದು ಎಂಬುದನ್ನು ಮಿತಿಯಾಗಿಡಿ: ತ್ರಿಜ್ಯ × (1 − ಕೊಸೈನ್(π ÷ ತುಂಡುಗಳು)). ಮಿತಿ 0.05 ಮಿ.ಮೀ. ಇಟ್ಟರೆ 100 ಮಿ.ಮೀ. ತ್ರಿಜ್ಯದ ಕಂಡಿಗೆ 100 ತುಂಡು, 6 ಮಿ.ಮೀ. ತ್ರಿಜ್ಯದ ತೂತಿಗೆ 25, ಮೂಲೆಯ ಒಂದೊಂದು ಕಾಲು ಸುತ್ತಿಗೆ 13.

ಎಣಿಸಿ ನೋಡುವುದು

ಈ ತುಂಡುಗಳಿಂದ ಹೊರಗೆರೆಯಲ್ಲಿ 56 ಬಿಂದು, ಕಂಡಿ ಮತ್ತು ತೂತುಗಳಲ್ಲಿ 200, ಒಟ್ಟು 256. ತೂತುಗಳಿರುವ ಬಹುಭುಜವನ್ನು ತ್ರಿಕೋನ ಮಾಡಿದರೆ ಬಿಂದುಗಳ ಸಂಖ್ಯೆಗೆ ತೂತುಗಳ ಎರಡರಷ್ಟನ್ನು ಕೂಡಿಸಿ 2 ಕಳೆದಷ್ಟು ತ್ರಿಕೋನ ಬರಬೇಕು: 256 + 10 − 2 = 264. ಮೇಲೂ ಕೆಳಗೂ ಸೇರಿ 528. ಬದಿಯ ಗೋಡೆಗೆ ಪ್ರತಿ ಅಂಚಿಗೆ ಎರಡರಂತೆ 512. ಒಟ್ಟು 1040.

ಬೈನರಿ ಎಸ್‌ಟಿಎಲ್‌ನ ತಲೆ 80 ಬೈಟ್, ಎಣಿಕೆ 4 ಬೈಟ್, ಪ್ರತಿ ತ್ರಿಕೋನ 50 ಬೈಟ್. ಹಾಗಾಗಿ ಫೈಲಿನ ಗಾತ್ರ 84 + 52000 = 52084 ಬೈಟ್ ಇರಲೇಬೇಕು, ಒಂದು ಬೈಟ್ ಹೆಚ್ಚೂ ಇಲ್ಲ ಕಡಿಮೆಯೂ ಇಲ್ಲ. ಇದಕ್ಕಿಂತ ಮೊದಲು ನಾಲ್ಕು ಗೆರೆಯ ಬರೀ ಚೌಕದಿಂದ ಪರೀಕ್ಷಿಸಿ: 12 ತ್ರಿಕೋನ, 684 ಬೈಟ್. ತಲೆಯ 80 ಬೈಟ್‌ಗಳನ್ನು ಸಾಲಿಡ್ ಎಂಬ ಪದದಿಂದ ಶುರುಮಾಡಬೇಡಿ. ಪಠ್ಯ ರೂಪದ ಎಸ್‌ಟಿಎಲ್ ಶುರುವಾಗುವುದೇ ಆ ಪದದಿಂದ, ಎಷ್ಟೋ ತಂತ್ರಾಂಶಗಳು ಬೈನರಿ ಫೈಲನ್ನು ಪಠ್ಯವೆಂದು ತಿಳಿದು ಓದಲು ಹೋಗಿ ಸೋಲುತ್ತವೆ.

ಆಮೇಲೆ ಆಯ್ಲರ್ ಲೆಕ್ಕ: ಬಿಂದುಗಳಿಂದ ಅಂಚುಗಳನ್ನು ಕಳೆದು ಮುಖಗಳನ್ನು ಕೂಡಿಸುವುದು. ಒಂದೇ ಸ್ಥಾನದ ಬಿಂದುಗಳನ್ನು ಕೂಡಿಸಿದರೆ 512 ಬಿಂದು, 1560 ಅಂಚು, 1040 ಮುಖ. 512 − 1560 + 1040 = −8. ಆರಪಾರ ತೂತುಗಳಿರುವ ಮುಚ್ಚಿದ ಘನಕ್ಕೆ ಈ ಬೆಲೆ 2 − 2 × ತೂತು. ಅಂದರೆ ತೂತು 5. ಡ್ರಾಯಿಂಗ್ ನೋಡದೆ, ತ್ರಿಕೋನಗಳ ರಾಶಿಯಿಂದಲೇ ಪ್ಲೇಟಿಗೆ ಐದು ತೂತು ಇದೆ ಎಂದು ತಿಳಿಯಿತು. ನಾಲ್ಕು ಸಾಲಿನ ಕೋಡ್‌ನಿಂದ ಸಿಗುವ ಇಷ್ಟು ಬಲವಾದ ಪರೀಕ್ಷೆ ಇನ್ನೊಂದಿಲ್ಲ. ಬ್ಲಾಕ್ ಬಿಟ್ಟುಹೋದರೆ ಬೆಲೆ 0 ಬಂದು ಅಲ್ಲೇ ಸಿಕ್ಕಿಬೀಳುತ್ತದೆ.

ತ್ರಿಕೋನ 264ಕ್ಕಿಂತ ಕಡಿಮೆ ಬಂದರೆ ಕಾರಣ ಸಾಮಾನ್ಯವಾಗಿ ಒಂದೇ. ತ್ರಿಕೋನ ಮಾಡಿಕೊಡುವ ಇಯರ್‌ಕಟ್‌ನಂಥ ಲೈಬ್ರರಿ ಒಂದೇ ನೇರದಲ್ಲಿರುವ ಬಿಂದುಗಳನ್ನು ತಾನೇ ಬಿಟ್ಟುಬಿಡುತ್ತದೆ. ನಿಮ್ಮ ಬದಿಗೋಡೆ ಮಾತ್ರ ಅದೇ ಬಿಂದುವನ್ನು ಬಳಸಿರುತ್ತದೆ. ಮುಚ್ಚಳಕ್ಕೂ ಗೋಡೆಗೂ ನಡುವೆ ಕಣ್ಣಿಗೆ ಕಾಣದ ಸೀಳು ಉಳಿಯುತ್ತದೆ. ನೇರದಲ್ಲಿರುವ ಹೆಚ್ಚುವರಿ ಬಿಂದುಗಳನ್ನು ಸುತ್ತು ಮುಚ್ಚಿದ ಕೂಡಲೇ ನೀವೇ ತೆಗೆದು, ಮುಚ್ಚಳ ಮತ್ತು ಗೋಡೆ ಎರಡಕ್ಕೂ ಅದೇ ಪಟ್ಟಿಯನ್ನು ಕೊಡಿ. ಆರ್ಕನ್ನು ಎರಡು ಕಡೆ ಎರಡು ಸಲ ತುಂಡು ಮಾಡುವುದಂತೂ ಬೇಡವೇ ಬೇಡ.

ಗಾತ್ರವನ್ನು ತ್ರಿಕೋನಗಳಿಂದ ಕೂಡಿಸಿದರೆ 576158 ಬರಬೇಕು, ಕಾಗದದ ಲೆಕ್ಕದ 575952 ಅಲ್ಲ. ವೃತ್ತವನ್ನು ಒಳಗಿನಿಂದ ತುಂಡು ಮಾಡಿದ್ದರಿಂದ ತೂತು ಚೂರು ಕಿರಿದಾಗಿ ಲೋಹ 206 ಘನ ಮಿ.ಮೀ. ಹೆಚ್ಚಿತು, ಶೇ. 0.036. ಸರಿಯಾಗಿ 575952 ಬಂದರೆ ಖುಷಿಪಡಬೇಡಿ, ಎಲ್ಲೋ ಎರಡು ತಪ್ಪು ಒಂದನ್ನೊಂದು ಮುಚ್ಚಿವೆ. ಬೆಲೆ ಋಣವಾದರೆ ತ್ರಿಕೋನಗಳ ಮುಖ ಒಳಗೆ ತಿರುಗಿದೆ: ಹೊರಗೆರೆ ಅಪ್ರದಕ್ಷಿಣ, ತೂತು ಪ್ರದಕ್ಷಿಣ ಇದೆಯೇ ನೋಡಿ.

ಲೇಯರ್ ಹೆಸರು: ಕನ್ನಡವೂ ಮಲಯಾಳವೂ

ಗಡಿನಾಡಿನ ಡ್ರಾಯಿಂಗ್‌ಗೆ ಇದು ಬೇಕೇ ಬೇಕು. ಒಬ್ಬರು ಲೇಯರಿಗೆ ತೂತು ಎಂದು ಹೆಸರಿಟ್ಟರೆ ಇನ್ನೊಬ್ಬರು ಒಟ್ಟೆ ಎನ್ನುತ್ತಾರೆ, ಮತ್ತೊಬ್ಬರು ಮಲಯಾಳ ಲಿಪಿಯಲ್ಲಿ ತುಳ ಎಂದು ಬರೆದಿರುತ್ತಾರೆ. ಮೂರನ್ನೂ ಒಂದೇ ಎಂದು ತಿಳಿಯಲು ಒಂದು ಸಮಾನಪದ ಪಟ್ಟಿಯ ಫೈಲ್ ಸಾಕು. ಕಷ್ಟ ಇರುವುದು ಲಿಪಿಯ ಒಳಗೆ.

2007ರ ಡಿಎಕ್ಸ್‌ಎಫ್ ಆವೃತ್ತಿಯಿಂದ, ಅಂದರೆ ಎಸಿ1021ರಿಂದ, ಫೈಲ್ ಯುಟಿಎಫ್-8, ಅಂದರೆ ಕನ್ನಡವನ್ನು ನೇರವಾಗಿ ಬರೆಯಬಹುದು. ಅದಕ್ಕಿಂತ ಹಿಂದಿನದರಲ್ಲಿ ಕನ್ನಡದ ಪ್ರತಿ ಸಂಕೇತವನ್ನೂ ಬ್ಯಾಕ್‌ಸ್ಲ್ಯಾಶ್, ಯು, ಪ್ಲಸ್ ಚಿಹ್ನೆ ಮತ್ತು ನಾಲ್ಕು ಹೆಕ್ಸ್ ಅಂಕಿಯಾಗಿ ಬರೆದಿರುತ್ತಾರೆ. ಹಾಳೆ ಎಂಬ ಹೆಸರಿನಲ್ಲಿ ನಾಲ್ಕು ಸಂಕೇತ: 0ಸಿಬಿ9, 0ಸಿಬಿಇ, 0ಸಿಬಿ3, 0ಸಿಸಿ6. ಒಂದೊಂದಕ್ಕೆ 7 ಅಕ್ಷರದಂತೆ ಅದು 28 ಅಕ್ಷರವಾಗುತ್ತದೆ. ಸ್ಟೆಪ್‌ನಲ್ಲಿ ರೀತಿ ಬೇರೆ: ಬ್ಯಾಕ್‌ಸ್ಲ್ಯಾಶ್‌ಗಳ ನಡುವೆ ಎಕ್ಸ್2, ನಂತರ 0ಸಿಬಿ90ಸಿಬಿಇ0ಸಿಬಿ30ಸಿಸಿ6 ಎಂದು ಎಡೆಯಿಲ್ಲದೆ, ಕೊನೆಗೆ ಬ್ಯಾಕ್‌ಸ್ಲ್ಯಾಶ್‌ಗಳ ನಡುವೆ ಎಕ್ಸ್0. ಡಿಎಕ್ಸ್‌ಎಫ್‌ನ ಪಠ್ಯವನ್ನು ಬಿಡಿಸದೆ ಹಾಗೇ ಸ್ಟೆಪ್‌ಗೆ ಹಾಕಿದರೆ ಆಚೆ ಕಡೆ ಹೆಸರಿನ ಬದಲು ಅಂಕಿಗಳ ಸಾಲು ಕಾಣುತ್ತದೆ.

ಬೋಲ್ಟ್ ಎಂಬುದನ್ನೇ ನೋಡಿ. ಅದರ ಓಕಾರದ ದೀರ್ಘ ಒಂದೇ ಸಂಕೇತವಾಗಿ ಇರಬಹುದು, ಅಥವಾ ಎಕಾರದ ಗುರುತು, ಊಕಾರದ ಗುರುತು, ದೀರ್ಘದ ಗುರುತು ಎಂಬ ಮೂರು ತುಂಡಾಗಿ ಇರಬಹುದು. ಮೊದಲನೆಯದರಲ್ಲಿ ಪದಕ್ಕೆ 6 ಸಂಕೇತ, ಎರಡನೆಯದರಲ್ಲಿ 8. ಪರದೆಯಲ್ಲಿ ಎರಡೂ ಒಂದೇ, ಪ್ರೋಗ್ರಾಂಗೆ ಎರಡು ಲೇಯರ್. ಓದಿದ ಕೂಡಲೇ ಎನ್‌ಎಫ್‌ಸಿ ಎಂಬ, ಇಂಥ ತುಂಡುಗಳನ್ನು ಒಂದೇ ಸಂಕೇತವಾಗಿ ಕೂಡಿಸುವ ಯುನಿಕೋಡ್ ರೂಪಕ್ಕೆ ತಂದರೆ ಇದು ಸರಿಯಾಗುತ್ತದೆ. ಆದರೆ ಕೊನೆಯ ಅರ್ಧಾಕ್ಷರದ ನಂತರ ಅಡಗಿರುವ ಶೂನ್ಯ ಅಗಲದ ಗುರುತನ್ನು ಎನ್‌ಎಫ್‌ಸಿ ತೆಗೆಯುವುದಿಲ್ಲ. ಹೋಲಿಸುವಾಗ ಮಾತ್ರ ಅದನ್ನು ಬಿಟ್ಟು ನೋಡಿ, ಬರೆಯುವಾಗ ಮೂಲದಲ್ಲಿದ್ದಂತೆ ಬರೆಯಿರಿ. ಮಲಯಾಳದ ಚಿಲ್ಲಕ್ಷರಕ್ಕೂ (ಸ್ವರವಿಲ್ಲದ ವ್ಯಂಜನಕ್ಕೂ) ಎನ್‌ಎಫ್‌ಸಿ ನೆರವಾಗದು. 2008ರ ಯುನಿಕೋಡ್ 5.1ರಲ್ಲಿ ಚಿಲ್ಲುಗಳಿಗೆ ಪ್ರತ್ಯೇಕ ಸಂಕೇತ ಬಂತು, ಹಳೆಯ ಫೈಲ್‌ಗಳಲ್ಲಿ ಅದೇ ಅಕ್ಷರ ವ್ಯಂಜನ, ಚಂದ್ರಕ್ಕಲ (ಅರ್ಧಾಕ್ಷರದ ಗುರುತು), ಜೋಡಣೆ ಗುರುತು ಎಂಬ ಮೂರರ ಸಾಲು. ಇವೆರಡನ್ನು ಹೊಂದಿಸಲು ಕೈಯಾರೆ ಪಟ್ಟಿ ಬರೆಯಬೇಕು. ಯುನಿಕೋಡ್ ಅಲ್ಲದ ಹಳೆಯ ನುಡಿ ಅಕ್ಷರಶೈಲಿಯಲ್ಲಿ ಟೈಪ್ ಮಾಡಿದ ಪಠ್ಯ ಬಂದರೆ ಒಂದಕ್ಷರವನ್ನೂ ಮುಟ್ಟದೆ ದಾಟಿಸಿ, ಎಚ್ಚರಿಕೆಯ ಸಾಲೊಂದನ್ನು ಮುದ್ರಿಸಿ.

ಸಲ್ಲಿಸುವ ಮೊದಲು

ಮೂಲ ತಂತ್ರಾಂಶದ ತಂಡಕ್ಕೆ ಒಂದೇ ದೊಡ್ಡ ಗಂಟು ಕಳಿಸಬೇಡಿ. ಆರ್ಕಿನ 360ರ ತಿದ್ದುಪಡಿ ಒಂದು, ಇನ್ಸರ್ಟ್ ಒಂದು, ಹೆಸರಿನ ಬಿಡಿಸುವಿಕೆ ಒಂದು; ಪ್ರತಿಯೊಂದರ ಜೊತೆ ಅದು ಇಲ್ಲದಿದ್ದರೆ ಸೋಲುವ ಒಂದು ಸಣ್ಣ ಡಿಎಕ್ಸ್‌ಎಫ್. ಆ ಫೈಲ್‌ಗಳನ್ನು ನೀವೇ ಬಿಡಿಸಿರಬೇಕು, ಯಾರದೋ ಗ್ರಾಹಕರ ಡ್ರಾಯಿಂಗ್ ಆಗಿರಬಾರದು.

ಪ್ಲೇಟನ್ನು ನಿಜವಾಗಿ ಕತ್ತರಿಸಲು ಕೊಡುವುದಾದರೆ ಮೊದಲು ಕಾಗದದಲ್ಲಿ 1:1 ಮುದ್ರಿಸಿ. ಎ3 ಸಾಲದು. ಅದರ ಅಗಲ 297 ಮಿ.ಮೀ., ಪ್ಲೇಟು 300. ಪುಟಕ್ಕೆ ಹೊಂದಿಸುವ ಆಯ್ಕೆ ಇದ್ದರೆ ಪ್ರಿಂಟರ್ ಹೇಳದೆ ಕುಗ್ಗಿಸಿಬಿಡುತ್ತದೆ. ಎ2 ಹಾಳೆ ತೆಗೆದುಕೊಂಡು, ಎದುರುಬದುರು ಬೋಲ್ಟ್ ತೂತುಗಳ ಕೇಂದ್ರದಿಂದ ಕೇಂದ್ರಕ್ಕೆ ಸ್ಟೀಲ್ ಪಟ್ಟಿ ಹಿಡಿದು ಅಳೆಯಿರಿ. ಎರಡೂ ಕರ್ಣ ಸುಮಾರು 353.5 ಮಿ.ಮೀ. ಇರಬೇಕು. ಎರಡೂ ಸಮನಾಗಿದ್ದು ಕಡಿಮೆ ಬಂದರೆ ಮುದ್ರಣ ಕುಗ್ಗಿದೆ. ಒಂದು ಹೆಚ್ಚು ಒಂದು ಕಡಿಮೆ ಬಂದರೆ ಪ್ರಿಂಟರಿನಲ್ಲಿ ಕಾಗದ ಓರೆಯಾಗಿ ಎಳೆದಿದೆಯೇ ನೋಡಿ ಮತ್ತೊಮ್ಮೆ ಮುದ್ರಿಸಿ. ಆಗಲೂ ಹಾಗೇ ಇದ್ದರೆ ಬ್ಲಾಕ್ ಇಟ್ಟ ಸ್ಥಾನದ ಕೋಡ್‌ಗೆ ಹಿಂತಿರುಗಿ.